ಟೀವಿಯೊಳಗಿನ ಹುಡುಗಿಗೆ ಉಡಿ ತುಂಬಿದ್ದು

ಟೀವಿ ಬಂದ ಮೇಲೆ ನಮ್ಮ ಕಡೆ ತಿಳಿಯಲಾರದ ಸಂಗತಿಗಳು ವಾರವಾರಕ್ಕೂ ಹೆಚ್ಚಾಗುತ್ತಲೇ ಇವೆ. ಮೊದಲು ತಿಳಿಯಲಾರದ್ದು ಏನಿದ್ದರೂ ಊರೊಳಗೇ ಹುಟ್ಟಿ ಊರೊಳಗೇ ಮುಗಿಯುತ್ತಿತ್ತು. ಈಗ ಅದು ನೇರ ದಿಲ್ಲಿಯಿಂದ, ಅದೂ ಹಿಂದಿಯೊಳಗೆ, ಮನೆಯ ಪಡಸಾಲೆಗೇ ಬಂದು ಬೀಳುತ್ತದೆ. ಅದನ್ನು ಮಂದಿಗೆ ಬಿಡಿಸಿ ಹೇಳಲು ಒಬ್ಬ ಶಾಣ್ಯಾ ಬೇಕು. ಬಾಗಲಕೋಟೆಯಿಂದ ಇಳಕಲ್ಲಿನ ತನಕ ಆ ಶಾಣ್ಯಾ ಯಾರು ಅಂತ ಕೇಳಿದರೆ ಮಂದಿ ನನ್ನ ಕಡೆಯೇ ಬೊಟ್ಟು ಮಾಡುತ್ತಾರೆ. ಮಾಡದಿದ್ದರೆ ನಾನೇ ಹೇಳುತ್ತೇನೆ.

ನಾನು ಶಿರೂರಿನವ. ನಮ್ಮದು ಮೊದಲಿಗೆ ನೇಕಾರ ಮನೆತನ. ಅಪ್ಪ ಮಗ್ಗ ಬಿಟ್ಟು ಹೊಲ ಹಿಡಿದ, ನಾನು ಹೊಲ ಬಿಟ್ಟು ಬಾಗಲಕೋಟೆಯ ಟೀವಿ ಅಂಗಡಿ ಹಿಡಿದೆ. ಅಂಗಡಿ ಮಾಲಕರದು, ಆದರೆ ಮಾಳಿಗೆ ಹತ್ತಿ ಆಂಟೆನಾ ನಿಲ್ಲಿಸುವವ ನಾನು. ನಾನು ಹತ್ತದಿದ್ದರೆ ಟೀವಿ ಅನ್ನುವುದು ಬರೀ ಒಂದು ಪೆಟ್ಟಿಗೆ. ಇನ್ನು ಹಿಂದಿಯ ಮಾತು. ನಾನು ಪುಣೆಗೆ ಹೋಗಿ ಬಂದವ. ಬಸ್‌ಸ್ಟ್ಯಾಂಡ್ ಬಿಟ್ಟು ಹೊರಗೆ ಹೋಗಲಿಲ್ಲ ಅನ್ನುವುದು ಬೇರೆ ಮಾತು. ಬಸ್‌ಸ್ಟ್ಯಾಂಡಿನಲ್ಲಿ ಮಾತಾಡುತ್ತಿದ್ದದ್ದು ಹಿಂದಿಯೋ ಮರಾಠಿಯೋ, ಕನ್ನಡವಂತೂ ಆಗಿರಲಿಲ್ಲ. ಅದರ ನಡುವೆ ನಾನು ಚಹಾ ಕುಡಿದು, ಬಸ್ಸು ಕೇಳಿ, ಸರಿಯಾದ ಬಸ್ಸಿನಲ್ಲಿಯೇ ಊರಿಗೆ ಬಂದೆ. ಇದಕ್ಕಿಂತ ದೊಡ್ಡ ಪರೀಕ್ಷೆ ಯಾವುದಿದೆ?

ಇಳಕಲ್ಲಿನ ಮಾಳಿಗೆ

ಇಳಕಲ್ಲಿನ ಒಬ್ಬ ಸೀರೆ ವ್ಯಾಪಾರಿಗಳ ಮನೆಗೆ ಟೀವಿ ಹಚ್ಚಲು ಹೋಗಿದ್ದೆ. ಮಧ್ಯಾಹ್ನದ ಬಿಸಿಲು. ಮಾಳಿಗೆಯ ಮೇಲೆ ಆಂಟೆನಾ ಹಿಡಿದು ನಾನು, ಪಾವಟಿಗೆಯ ಮೆಟ್ಟಿಲ ಮೇಲೆ ಅವರ ಅಳಿಯ, ಬಾಗಿಲಲ್ಲಿ ಅಂಗಡಿಯ ಗುಮಾಸ್ತ, ಒಳಗೆ ಟೀವಿಯ ಮುಂದೆ ವ್ಯಾಪಾರಿಗಳು. ಕಟ್ಟಳೆ ಹೀಗೆ: ನಾನು ಮೇಲಿನಿಂದ "ಈಗ?" ಅನ್ನಬೇಕು. ಅಳಿಯ ಅದನ್ನು ಗುಮಾಸ್ತನಿಗೆ ಮುಟ್ಟಿಸಬೇಕು, ಗುಮಾಸ್ತ ಒಳಗೆ ಮುಟ್ಟಿಸಬೇಕು. ಒಳಗಿನ "ಇಲ್ಲ" ಅದೇ ದಾರಿ ಹಿಡಿದು ನನ್ನ ತನಕ ಬರಬೇಕು. ಬಂದ ಮೇಲೆ ನಾನು ಇನ್ನಷ್ಟು ತಿರುವಬೇಕು.

ಸುಮಾರು ಹೊತ್ತು ಹಾಗೆಯೇ ನಡೆಯಿತು. ಒಮ್ಮೆ "ಚುಕ್ಕಿ ಚುಕ್ಕಿ ಬರಾಕತ್ತಾವು" ಅಂತ ಬಂತು. ಇನ್ನೊಮ್ಮೆ "ಧ್ವನಿ ಐತಿ, ಮಂದಿ ಇಲ್ಲ" ಅಂತ ಬಂತು. ನಾನು ಇನ್ನೊಂದು ಸಲ ಸಣ್ಣಗೆ ತಿರುವಿ "ಈಗ?" ಅಂದೆ. ಉತ್ತರ ಬರಲಿಲ್ಲ. ಬಗ್ಗಿ ನೋಡಿದರೆ ಪಾವಟಿಗೆಯ ಮೇಲೆ ಅಳಿಯ ಇಲ್ಲ. ಬಾಗಿಲಲ್ಲಿ ಗುಮಾಸ್ತನೂ ಇಲ್ಲ. ನಾನು ಗಂಟಲು ಹರಿಯುವ ಹಾಗೆ ಕೂಗಿದೆ. ಬಿಸಿಲಲ್ಲಿ ಆಂಟೆನಾ ಕೈ ಸುಡುತ್ತಿತ್ತು, ಬಿಟ್ಟರೆ ಸರಿಯುತ್ತದೆ, ಹಿಡಿದರೆ ಇಳಿಯುವ ಹಾಗಿಲ್ಲ. ಕೂಗಿದೆ, ಇನ್ನೂ ಕೂಗಿದೆ.

ಕಡೆಗೆ ವ್ಯಾಪಾರಿಗಳು ಸಿಟ್ಟಿನಿಂದ ಅಂಗಳಕ್ಕೆ ಬಂದು, ಹಣೆಗೆ ಕೈಹಚ್ಚಿ ಮೇಲೆ ನೋಡಿ ಗದರಿಸಿದರು.

"ಯಾವನಲೇ ಅಂವ, ನಮ್ಮ ಮಾಳಗಿ ಹತ್ತಿ ಒದರಾವ? ಒಳಗ ಟೀವಿ ನಡದೈತಿ, ಮಂದಿಗೆ ಕೇಳಸೂದು ಬ್ಯಾಡೇನು?"

ಅವತ್ತು ನಾನೊಂದು ಪಾಠ ಕಲಿತೆ. ಚಿತ್ರ ಬಂದರೆ ಮನೆ ಸುಮ್ಮನಾಗುತ್ತದೆ, ಚಿತ್ರ ಹೋದರೆ ಗದ್ದಲವಾಗುತ್ತದೆ. ಈ ಪಾಠ ಮುಂದೆ ನನ್ನ ಜೀವನವನ್ನೇ ಉಳಿಸಿತು, ಅದು ಆಮೇಲೆ. ಇಳಿದು ಒಳಗೆ ಹೋಗಿ, ಅಷ್ಟು ಮೈಮರೆತು ಏನು ನೋಡುತ್ತಿದ್ದೀರಿ ಅಂತ ಕೇಳಿದೆ. ಯಾರೋ ಒಬ್ಬ ಹಿಂದಿಯಲ್ಲಿ ಗೋಧಿಗೆ ಬೀಳುವ ರೋಗದ ಬಗ್ಗೆ ಭಾಷಣ ಮಾಡುತ್ತಿದ್ದ. ಮನೆ ಮಂದಿಯೆಲ್ಲ ಕಣ್ಣು ಮಿಟುಕಿಸದೆ ಕೂತಿದ್ದರು. ಹಿಂದಿ ಬರುತ್ತದೇನು ಅಂತ ಕೇಳಿದರೆ ಒಬ್ಬರಿಗೂ ಬರುವುದಿಲ್ಲ. "ಆದರ ಹುಡುಗ ಮಾತ್ರ ಛಲೋ ಮನಿತನದಾಂವ ಕಾಣಸ್ತಾನ" ಅಂದರು ವ್ಯಾಪಾರಿಗಳು.

ಹುನಗುಂದದ ನಗೆ

ಹುನಗುಂದದಲ್ಲಿ ಒಬ್ಬ ವಕೀಲರ ಮನೆ. ಟೀವಿ ಹಚ್ಚಿದ ದಿನವೇ ಸಂಜೆ ಹಿಂದಿ ಹಾಸ್ಯದ ಸಿನಿಮಾ ಇತ್ತು. ನೆರೆಹೊರೆ ಎಲ್ಲ ಕೂಡಿದರು. ವಕೀಲರು ನನ್ನನ್ನು ಮುಂದಿನ ಸಾಲಿನಲ್ಲಿ ಕೂಡಿಸಿ, ಪುಣೆಗೆ ಹೋಗಿ ಬಂದವ, ಇವನಿಗೆ ಹಿಂದಿ ಪೂರ್ತಿ ಗೊತ್ತು, ಅಂತ ಎಲ್ಲರಿಗೂ ಹೇಳಿದರು. ಹೇಳಿದ್ದು ನಾನೇ ಮೊದಲು, ಆದರೆ ವಕೀಲರ ಬಾಯಿಂದ ಬಂದರೆ ಅದರ ತೂಕವೇ ಬೇರೆ.

ಹಾಸ್ಯ ಸಿನಿಮಾಗಳ ಬಗ್ಗೆ ನನ್ನದೊಂದು ತಕರಾರು ಇದೆ. ಒಬ್ಬ ಗಂಡಸು ಮೀಸೆ ತೆಗೆದು ಸೀರೆ ಉಟ್ಟು ಬರುತ್ತಾನೆ. ಹೆತ್ತ ತಾಯಿಗೂ ಗುರುತು ಸಿಗುವುದಿಲ್ಲ, ಕಟ್ಟಿಕೊಂಡ ಹೆಂಡತಿಗೂ ಗುರುತು ಸಿಗುವುದಿಲ್ಲ. ಶಿರೂರಿನಲ್ಲಿ ನಾನು ಟೊಪ್ಪಿಗೆ ಬದಲಿಸಿದರೆ ನಮ್ಮ ಎಮ್ಮೆಗೆ ಗುರುತು ಸಿಗುತ್ತದೆ. ಅಂಥ ದೊಡ್ಡ ಶಹರದಲ್ಲಿ ಒಬ್ಬರಿಗಾದರೂ ಎಮ್ಮೆಯಷ್ಟು ಬುದ್ಧಿ ಬೇಡವೇ?

ಸಿನಿಮಾ ಸುರುವಾಯಿತು. ಎಲ್ಲಿ ನಗಬೇಕು ಅನ್ನುವುದು ನನಗೆ ಗೊತ್ತಾಗಲಿಲ್ಲ. ಬಹಳ ಜಲ್ದಿ ಮಾತಾಡುತ್ತಿದ್ದರು. ಪುಣೆಯ ಬಸ್‌ಸ್ಟ್ಯಾಂಡಿನಲ್ಲಿ ಅಷ್ಟು ಜಲ್ದಿ ಯಾರೂ ಮಾತಾಡಿರಲಿಲ್ಲ. ವಕೀಲರು ಓದಿದವರು, ಅವರಿಗೆ ತಿಳಿದೇ ತಿಳಿಯುತ್ತದೆ, ಅವರು ನಕ್ಕಾಗ ನಗೋಣ ಅಂತ ನಾನು ಅವರ ಮುಖವನ್ನೇ ಓರೆಗಣ್ಣಿನಿಂದ ನೋಡುತ್ತ ಕೂತೆ. ವಕೀಲರು ಯಾಕೋ ನನ್ನ ಮುಖವನ್ನೇ ನೋಡುತ್ತಿದ್ದರು. ಹಿಂದಿನ ಮಂದಿಯೆಲ್ಲ ನಮ್ಮಿಬ್ಬರ ಮುಖ ನೋಡುತ್ತಿದ್ದರು. ಟೀವಿಯೊಳಗೆ ಒಬ್ಬ ಬಾವಿಯಲ್ಲಿ ಬಿದ್ದ, ಒಬ್ಬನ ಪಂಚೆ ಕಳಚಿತು, ಒಬ್ಬನಿಗೆ ಕಡುಬೆಂದು ಸೋಪು ತಿನ್ನಿಸಿದರು. ನಮ್ಮ ಪಡಸಾಲೆಯಲ್ಲಿ ಸಾವಿನ ಮನೆಯ ಹಾಗೆ ಎಲ್ಲರೂ ಸುಮ್ಮನೆ.

ಸಿನಿಮಾದ ನಡುವೆ ಒಬ್ಬ ಮುದುಕಿ ಹಾಸಿಗೆ ಹಿಡಿದು, ಮಗನ ಕೈಹಿಡಿದು ಏನೋ ಹೇಳಿ ಕಣ್ಣು ಮುಚ್ಚಿದಳು. ಅದೇ ಹೊತ್ತಿಗೆ ನನಗೆ ಸೀನು ಬಂತು. ಸೀನು ತಡೆಯಲು ಮುಖ ಕಿವುಚಿದೆ. ವಕೀಲರು ಅದನ್ನು ನಗೆ ಅಂತ ತಿಳಿದು ಹೊಟ್ಟೆ ಹಿಡಿದು ನಗಲು ಹತ್ತಿದರು. ಅವರು ನಕ್ಕರೆ ಹುನಗುಂದ ನಗದೆ ಇರುತ್ತದೆಯೇ? ಅಷ್ಟು ಹೊತ್ತು ತಡೆದಿಟ್ಟ ನಗೆಯೆಲ್ಲ ಆ ಮುದುಕಿಯ ಮೇಲೆ ಬಿತ್ತು. ಹೆಣ ಎತ್ತುವ ತನಕ ನಕ್ಕರು.

ಸಿನಿಮಾ ಮುಗಿದ ಮೇಲೆ ವಕೀಲರು ಕಣ್ಣೊರೆಸಿಕೊಂಡು ನನ್ನ ಕಿವಿಯಲ್ಲಿ ಅಂದರು. "ಸಿನಿಮಾ ಛಲೋ ಐತಿ. ಆದರ ಆ ಮುದುಕಿ ಒಬ್ಬಾಕಿನ್ನ ಬಿಟ್ಟರ ಉಳಿದವರಿಗೆ ಯಾರಿಗೂ ನಗಸಾಕ ಬರೂದಿಲ್ಲ."

ಗುಳೇದಗುಡ್ಡದ ಪಡಸಾಲೆ

ಈಗ ನನ್ನ ಸ್ವಂತ ಸಂಗತಿಗೆ ಬರುತ್ತೇನೆ.

ಗುಳೇದಗುಡ್ಡದಲ್ಲಿ ಖಣ ನೇಯುವ ಒಂದು ಮನೆಗೆ ಟೀವಿ ಹಚ್ಚಿದೆ. ಕುಪ್ಪಸದ ಖಣಕ್ಕೆ ಹೆಸರಾದ ಊರು, ಮನೆಮನೆಗೂ ಮಗ್ಗ. ಈ ಮನೆಯ ಯಜಮಾನಿಕೆ ಒಬ್ಬ ಮುದುಕಿಯದು. ಓಣಿಯವರೆಲ್ಲ ಆಕೆಗೆ ಆಯಿ ಅನ್ನುತ್ತಿದ್ದರು. ಮಗ ಇದ್ದ, ದಿನವಿಡೀ ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ನೇಯುವವ. ಮಾತು ಅನ್ನುವುದು ಆತನಿಗೆ ಮೈಯಲ್ಲೇ ಇಲ್ಲ. ಆತನ ಮಗಳು ಮಗ್ಗಕ್ಕೆ ನೂಲಿನ ಕಂಡಿಕೆ ಸುತ್ತುತ್ತ ಕೂತಿರುತ್ತಿದ್ದಳು. ನಾನು ಆಂಟೆನಾ ಹಚ್ಚಿ ಇಳಿದು ಬಂದಾಗ ನೀರು ತಂದುಕೊಟ್ಟಳು. ಅವತ್ತಿನಿಂದ ಆ ಮನೆಯ ಆಂಟೆನಾ ವಾರಕ್ಕೊಮ್ಮೆ ನೋಡದಿದ್ದರೆ ಕೆಡುತ್ತದೆ ಅಂತ ನಾನು ತೀರ್ಮಾನ ಮಾಡಿದೆ.

ಐತವಾರ ಮುಂಜಾನೆ ಒಂದು ಹಿಂದಿ ಧಾರಾವಾಹಿ ಬರುತ್ತಿತ್ತು. ಅದು ಸುರುವಾಗುವ ಹೊತ್ತಿಗೆ ಓಣಿಯ ಮಗ್ಗಗಳ ಸಪ್ಪಳ ಒಂದೊಂದಾಗಿ ನಿಲ್ಲುತ್ತಿತ್ತು. ನಾನು ಬಾಗಲಕೋಟೆಯಿಂದ ಮೊದಲ ಬಸ್ಸು ಹಿಡಿದು ಬಂದು, ಟೀವಿಯ ಪಕ್ಕದಲ್ಲಿ ನಿಂತು ಕಥೆ ಬಿಡಿಸಿ ಹೇಳುತ್ತಿದ್ದೆ. ಕೇಳುವವರಲ್ಲಿ ಆಯಿ ಮುಂದೆ. ಮೂಲೆಯಲ್ಲಿ ಟೇಲರ್ ಮಾಸ್ತರು. ಅವರು ಎದುರಿನ ಮನೆಯ ಸಾಬರು, ಖಣದ ಕುಪ್ಪಸ ಹೊಲಿಯುವುದರಲ್ಲಿ ಎತ್ತಿದ ಕೈ. ಮನೆಯಲ್ಲಿ ಉರ್ದು ಮಾತಾಡುವವರು. ಅವರನ್ನು ನೋಡಿ ನನಗೆ ಮೊದಲ ದಿನ ಸ್ವಲ್ಪ ಅಳುಕಾಯಿತು. ಆದರೆ ಅವರು ಬಾಯಿ ಬಿಡಲಿಲ್ಲ. ನಾನು ಕಥೆ ಹೇಳುವಾಗ ಒಂದೇ ಸಮನೆ ಕೆಮ್ಮುತ್ತಿದ್ದರು, ಅಷ್ಟೆ. ನೂಲಿನ ಧೂಳಿಗೆ ಕೆಮ್ಮು ಅಂತ ತಿಳಿದೆ.

ಆ ಧಾರಾವಾಹಿಯ ಮಂದಿಯ ಬಗ್ಗೆ ನನಗೆ ಗಟ್ಟಿ ಅಭಿಪ್ರಾಯಗಳಿದ್ದವು. ಅದರಲ್ಲಿ ಒಬ್ಬ ಶ್ರೀಮಂತ ಅಪ್ಪ. ಯಾವಾಗ ನೋಡಿದರೂ ಪಾವಟಿಗೆ ಇಳಿಯುತ್ತಾನೆ. ಇಷ್ಟು ಸಲ ಇಳಿದವ ಯಾವಾಗ ಹತ್ತಿದ ಅನ್ನುವುದನ್ನು ಮಾತ್ರ ತೋರಿಸುವುದಿಲ್ಲ. ಊಟಕ್ಕೆ ಕೂಡುತ್ತಾರೆ, ಒಬ್ಬನಿಗೆ ಸಿಟ್ಟು ಬರುತ್ತದೆ, ಏಳುತ್ತಾನೆ. ಉಳಿದವರೂ ಏಳುತ್ತಾರೆ. ಆ ಮನೆಯಲ್ಲಿ ಒಂದು ತುತ್ತು ಯಾರ ಹೊಟ್ಟೆಗೂ ಹೋದದ್ದನ್ನು ನಾನು ಕಾಣೆ. ನಮ್ಮ ಕಡೆ ಸಿಟ್ಟು ಬಂದರೆ ಒಂದು ರೊಟ್ಟಿ ಹೆಚ್ಚಿಗೆ ಉಣ್ಣುತ್ತೇವೆ.

ಆ ಅಪ್ಪನಿಗೆ ಒಬ್ಬಳೇ ಮಗಳು. ಆಕೆಯ ಸುತ್ತ ಇಬ್ಬರು ಗಂಡಸರು. ಒಬ್ಬ ಕಾರಿನಲ್ಲಿ ಬರುತ್ತಾನೆ, ನಗುತ್ತಾನೆ, ಹೂ ಕೊಡುತ್ತಾನೆ. ಇನ್ನೊಬ್ಬ ಸೈಕಲ್ಲಿನಲ್ಲಿ ಬರುತ್ತಾನೆ, ಹರಕು ಅಂಗಿ, ಗೇಟಿನ ಹೊರಗೇ ನಿಂತು ಕಣ್ಣೀರು ಹಾಕುತ್ತಾನೆ. ಹುಡುಗಿ ಓಡಿ ಬಂದು ಅವನಿಗೆ ಊಟದ ಡಬ್ಬಿ ಕೊಡುತ್ತಾಳೆ. ಅಪ್ಪ ನೋಡಿದರೆ ಸಿಟ್ಟಾಗುತ್ತಾನೆ. ನಾನು ಬಿಡಿಸಿ ಹೇಳಿದೆ: ಕಾರಿನವ ಮೋಸಗಾರ, ಹಲ್ಲು ನೋಡಿದರೇ ತಿಳಿಯುತ್ತದೆ. ಸೈಕಲ್ಲಿನವ ಬಡವ, ಹಳ್ಳಿಯವ, ದುಡಿದು ತಿನ್ನುವವ. ಹುಡುಗಿಯ ಮನಸ್ಸು ಅವನ ಮೇಲಿದೆ. ಕೊಡುವುದಾದರೆ ಅವನಿಗೇ ಕೊಡಬೇಕು. ಇಷ್ಟು ಹೇಳಿ ನಾನು ನನ್ನ ಸೈಕಲ್ಲಿನ ಬಗ್ಗೆಯೂ ಎರಡು ಮಾತು ಆಡಿದೆ. ಕಂಡಿಕೆ ಸುತ್ತುವ ಕೈ ಅರೆಗಳಿಗೆ ನಿಂತದ್ದನ್ನು ನಾನು ನೋಡಿದೆ.

ಮನೆಯಲ್ಲಿ ಹೇಳಿ, ಶಿರೂರಿನ ಹಿರಿಯರನ್ನು ಹೆಣ್ಣು ಕೇಳಲು ಕಳಿಸಿದೆ. ಆಯಿ ಚಹಾ ಕೊಟ್ಟು, ಎಲೆ ಅಡಿಕೆ ಕೊಟ್ಟು, ಒಂದೇ ಮಾತು ಹೇಳಿ ಕಳಿಸಿದಳಂತೆ.

"ಟೀವಿಯೊಳಗಿನ ಆ ಹುಡುಗಿದು ಇನ್ನೂ ತ್ರಿಶಂಕು ಆಗೇತ್ರಿ. ಅಕಿದೊಂದು ದಡಕ್ಕ ಹತ್ತಲಿ. ಆಮ್ಯಾಲ ನಮ್ಮ ಹುಡುಗಿ ಮಾತು."

ನಮ್ಮಪ್ಪ ಮನೆಗೆ ಬಂದು ನನ್ನ ಮುಖ ನೋಡಿದ. "ಯಾವ ಹುಡುಗಿಲೇ ಅದು? ನೀ ಎಷ್ಟು ಮನ್ಯಾಗ ಹೆಣ್ಣು ಕೇಳಾಕತ್ತಿ?"

ಉಡಿ

ಹೀಗೆ ನನ್ನ ಲಗ್ನ ದಿಲ್ಲಿಯವರ ಕೈಯಲ್ಲಿ ಸಿಕ್ಕಿಕೊಂಡಿತು. ಅವರು ಜಲ್ದಿ ಮಾಡುವ ಪೈಕಿ ಅಲ್ಲ. ಒಂದು ಐತವಾರ ಹುಡುಗಿ ಬರೀ ಅತ್ತಳು. ಮುಂದಿನ ಐತವಾರ ಆಕೆಯ ಅಪ್ಪ ಬರೀ ಪಾವಟಿಗೆ ಇಳಿದ. ನನ್ನ ಜೊತೆಯವರಿಗೆಲ್ಲ ಲಗ್ನವಾಗುತ್ತಿತ್ತು, ನಾನು ಮಾತ್ರ ಐತವಾರದ ಮೇಲೆ ಐತವಾರ ಕಾಯುತ್ತ ಕೂತೆ.

ಒಂದು ಮುಂಜಾನೆ ನನ್ನ ನಸೀಬು ತೆರೆಯಿತು. ಟೀವಿಯೊಳಗಿನ ಹುಡುಗಿ ಹೊಸ ಸೀರೆ ಉಟ್ಟು ಬಂದಳು. ತಟ್ಟೆಯಲ್ಲಿ ದೀಪ, ಕುಂಕುಮ, ಸಿಹಿ. ಸೈಕಲ್ಲಿನವ ಮಣೆಯ ಮೇಲೆ ಕೂತಿದ್ದ. ಆಕೆ ಅವನ ಹಣೆಗೆ ಕುಂಕುಮ ಹಚ್ಚಿದಳು, ಆರತಿ ಎತ್ತಿದಳು, ಬಾಯಿಗೆ ಸಿಹಿ ಹಾಕಿದಳು, ಬಲಗೈ ಮುಂಗೈಗೆ ದಾರ ಕಟ್ಟಿದಳು. ಇಬ್ಬರೂ ಅತ್ತರು.

ಇದಕ್ಕೆ ಹಿಂದಿ ಯಾಕೆ ಬೇಕು? ನಮ್ಮಲ್ಲಿ ಮುಂಗೈಗೆ ದಾರ ಯಾವಾಗ ಕಟ್ಟುತ್ತಾರೆ? ಹಸಿಮಣೆ ಏರಿದಾಗ.

"ಕಂಕಣ ಕಟ್ಟಿದರು. ಲಗ್ನ ಆತು" ಅಂತ ಸಾರಿದೆ.

ಟೇಲರ್ ಮಾಸ್ತರಿಗೆ ಅವತ್ತು ಕೆಮ್ಮು ಎಷ್ಟು ಹೆಚ್ಚಾಯಿತೆಂದರೆ ಎದ್ದು ಹೊರಗೆ ಹೋದರು. ಆಯಿ ಮಾತ್ರ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಅಪ್ಪನ ಮನಸ್ಸಿನ ವಿರುದ್ಧ ಆದ ಲಗ್ನ, ತವರಿನವರು ಅಂತ ಯಾರಿದ್ದಾರೆ ಪಾಪ, ಉಡಿ ನಾವೇ ತುಂಬಬೇಕು ಅಂದಳು. ಪೆಟ್ಟಿಗೆಯಿಂದ ಹೊಸ ಖಣ ತೆಗೆದಳು. ಅಕ್ಕಿ, ಅರಿಷಿಣದ ಬೇರು, ಎಲೆ ಅಡಿಕೆ ಬಂದವು. ಕಾಯಿ ಇರಲಿಲ್ಲ, ನಾನೇ ಓಡಿ ಹೋಗಿ ಅಂಗಡಿಯಿಂದ ತಂದುಕೊಟ್ಟೆ. ಟೀವಿಯೊಳಗಿನ ಹುಡುಗಿ ಇನ್ನೂ ಅಳುತ್ತ ನಿಂತಿದ್ದಳು. ಆಯಿ ಗಾಜಿನ ಮೇಲೆ ಆಕೆಯ ಹಣೆ ಹುಡುಕಿ ಕುಂಕುಮ ಇಟ್ಟಳು. ಅಷ್ಟರಲ್ಲಿ ಚಿತ್ರ ಬದಲಾಗಿ ಕುಂಕುಮ ಕಾರಿನವನ ಮೂಗಿಗೆ ಬಂತು. ಖಣ, ಕಾಯಿ ಟೀವಿಯ ಮುಂದಿಟ್ಟು, ಅಕ್ಕಿ, ಅಡಿಕೆ, ಅರಿಷಿಣದ ಬೇರನ್ನು ಟೀವಿಯ ನೆತ್ತಿಯ ಗಾಳಿಕಿಂಡಿಗಳ ಮೇಲೆಯೇ ಸುರಿದಳು. ಹೆಂಗಸರೆಲ್ಲ ಕಣ್ಣೊರೆಸಿಕೊಂಡರು.

ಅವತ್ತೇ ಶಿರೂರಿಗೆ ಮಾತು ಹೋಯಿತು. ಹಿರಿಯರು ಕೂಡಿ ಸಕ್ಕರೆ ಹಂಚಿ ಲಗ್ನ ಗೊತ್ತು ಮಾಡಿದರು. ನಾನು ಗೆದ್ದೆ.

ಮುಂದಿನ ವಾರ ಆ ಟೀವಿಯಿಂದ ಧ್ವನಿ ಬರಲಿಲ್ಲವೆಂದು ಅಂಗಡಿಗೆ ತಂದೆ. ಮಾಲಕರು ಹಿಂದಿನ ಮುಚ್ಚಳ ಬಿಚ್ಚಿ, ಒಳಗಿಂದ ಅಕ್ಕಿ ಕಾಳು, ಅಡಿಕೆ, ಅರಿಷಿಣದ ಬೇರು ಒಂದೊಂದಾಗಿ ತೆಗೆದು ಮೇಜಿನ ಮೇಲೆ ಇಟ್ಟರು. ಆಮೇಲೆ ನನ್ನನ್ನು ಕೇಳಿದರು.

"ಏನಲೇ, ಇದು ರಿಪೇರಿಗೆ ಬಂದೈತೋ, ಬಾಣಂತನಕ್ಕ ಬಂದೈತೋ?"

ಬದಾಮಿಯ ಟಾಕೀಸು

ಸಕ್ಕರೆ ಹಂಚಿದ ಮೇಲೆ ಒಂದು ದಿನ ಆಯಿಯ ಮನೆಯವರೆಲ್ಲ ಬನಶಂಕರಿ ದರ್ಶನಕ್ಕೆ ಹೊರಟರು, ನಾನೂ ಜೊತೆಗೆ ಹೋದೆ. ಬದಾಮಿಯ ಟಾಕೀಸಿನಲ್ಲಿ ಹಾಸ್ಯದ ಹಿಂದಿ ಸಿನಿಮಾ ನಡೆದಿತ್ತು. ಅಳಿಯನಾಗುವವ, ನಾನೇ ತೋರಿಸುತ್ತೇನೆ ಅಂತ ಮುಂದೆ ಬಿದ್ದು ಕರೆದುಕೊಂಡು ಹೋದೆ. ಟೇಲರ್ ಮಾಸ್ತರೂ ಜೊತೆಗಿದ್ದರು.

ಪರದೆಯ ಮೇಲೆ ಚಿತ್ರ ಬಿತ್ತು. ನನ್ನ ಎದೆಯೂ ಬಿತ್ತು. ಟೀವಿಯೊಳಗಿನ ಅದೇ ಹುಡುಗಿ. ಒಬ್ಬ ದಪ್ಪ ಮನುಷ್ಯನ ಕೊರಳಿಗೆ ಜೋತುಬಿದ್ದು ಗಿಡದ ಸುತ್ತ ಓಡುತ್ತಿದ್ದಳು.

ಆಯಿ ಕತ್ತಲಲ್ಲಿಯೇ ನನ್ನ ತೋಳು ಹಿಡಿದಳು. "ತಮ್ಮಾ, ನಾವು ಉಡಿ ತುಂಬಿ ಕಳಿಸಿದ ಹುಡುಗಿ ಅಲ್ಲೇನೋ ಇದು?"

ಇಂಥ ಹೊತ್ತಿನಲ್ಲಿ ಬೇರೆಯವರಾಗಿದ್ದರೆ ತಡವರಿಸುತ್ತಿದ್ದರು. ನಾನು ತಡವರಿಸಲಿಲ್ಲ. ಅಲ್ಲ, ಇದು ಆಕೆಯ ಅವಳಿ ತಂಗಿ, ಸಣ್ಣಂದಿನಲ್ಲಿಯೇ ಕಳೆದುಹೋಗಿದ್ದಳು ಅಂದೆ. ಆಯಿ ತೋಳು ಬಿಟ್ಟಳು. ಸ್ವಲ್ಪ ಹೊತ್ತಿಗೆ ಕುದುರೆ ಮೇಲೆ ಕಳ್ಳನೊಬ್ಬ ಬಂದ. ನೋಡಿದರೆ ಅದೇ ಸೈಕಲ್ಲಿನವ. ಆಯಿಯ ಕೈ ಮತ್ತೆ ತೋಳಿಗೆ ಬಂತು. ಅವನಿಗೂ ಒಬ್ಬ ಅವಳಿ ತಮ್ಮ ಇದ್ದ ಅಂದೆ. ಆಮೇಲೆ ಪೋಲೀಸ್ ಸಾಹೇಬನ ವೇಷದಲ್ಲಿ ಪಾವಟಿಗೆಯ ಅಪ್ಪ ಬಂದ. ಅಲ್ಲಿಗೆ ನನಗೇ ಯಾರಿಗೆ ಯಾರು ಏನಾಗಬೇಕು ಅನ್ನುವುದು ತಪ್ಪಿಹೋಯಿತು. ಅವಳಿ ತಂಗಿಗೆ ಅವಳಿ ತಮ್ಮ ಮೈದುನನೋ, ಭಾವನೋ? ಪೋಲೀಸ್ ಸಾಹೇಬ ದೊಡ್ಡಪ್ಪನೋ, ಚಿಕ್ಕಪ್ಪನೋ? ಬೆರಳು ಮಡಿಚಿ ಲೆಕ್ಕ ಹಾಕಿದೆ, ಬೆರಳು ಸಾಲಲಿಲ್ಲ. ಹಿಂದಿನ ಸಾಲಿನಲ್ಲಿ ಟೇಲರ್ ಮಾಸ್ತರು ಮುಖದ ಮೇಲೆ ಟೊಪ್ಪಿಗೆ ಮುಚ್ಚಿಕೊಂಡು ಅಲುಗಾಡುತ್ತಿದ್ದರು.

ಹೊರಗೆ ಬಂದು ಬಸ್ಸು ಹತ್ತುವಾಗ ಆಯಿ ನಿಟ್ಟುಸಿರು ಬಿಟ್ಟು ಅಂದಳು.

"ಹಂಗಾದರ ಇಕಿಗೂ ಒಂದು ಖಣ ಕೊಡಬೇಕಾಕ್ಕೈತಿ. ಅಕ್ಕಗಷ್ಟ ಕೊಟ್ಟು ತಂಗಿಗೆ ಬಿಟ್ಟರ ಬೀಗರು ಏನಂದಾರು?"

ಮೇಲಷ್ಟೇ ಬೀಸಿದ ಗಾಳಿ

ಲಗ್ನ ಹತ್ತಿರ ಬಂತು. ಧಾರಾವಾಹಿ ಮಾತ್ರ ಮುಗಿಯಲೊಲ್ಲದು. ಕಂಕಣ ಕಟ್ಟಿ ಮುಗಿದ ಕಥೆಯನ್ನು ಯಾಕೆ ಎಳೆಯುತ್ತಾರೆ ಅನ್ನುವುದು ನನಗೆ ತಿಳಿಯಲಿಲ್ಲ. ಒಂದು ಐತವಾರ ನೋಡಿದರೆ ಆ ಹುಡುಗಿಯ ಕೊರಳಲ್ಲಿ ತಾಳಿ ಇಲ್ಲ. ಮುಂದಿನ ಐತವಾರ ಕಾರಿನವ ಬಾಜಾ ಬಜಂತ್ರಿ ಸಹಿತ ಕುದುರೆ ಏರಿ ಮನೆಗೆ ಬಂದ. ಸೈಕಲ್ಲಿನವ ಸಿಟ್ಟಾಗುವುದು ಬಿಟ್ಟು, ಗೇಟಿನಲ್ಲಿ ನಿಂತು ಅವನಿಗೆ ಹೂವಿನ ಹಾರ ಹಾಕಿದ. ಪಾವಟಿಗೆಯ ಅಪ್ಪ ಓಡಿ ಬಂದು ಸೈಕಲ್ಲಿನವನನ್ನು ಅಪ್ಪಿಕೊಂಡ.

ಟೀವಿಯೊಳಗಿನ ಹುಡುಗಿಯದು ದಡ ಹತ್ತಿಲ್ಲ ಅಂದರೆ ನನ್ನದೂ ಹತ್ತಿಲ್ಲ. ಆಯಿ ಕೊಟ್ಟ ಮಾತು ಹಿಂದಕ್ಕೆ ತೆಗೆದುಕೊಂಡರೆ? ಶಿರೂರಿನಲ್ಲಿ ಆಗಲೇ ಹಂದರದ ಗಳ ಬಂದಿದ್ದವು.

ಆಂಟೆನಾ ಗಾಳಿಗೆ ಸರಿದಿದೆ ಅಂತ ಹೇಳಿ ಮಾಳಿಗೆಗೆ ಓಡಿದೆ. ಇಳಕಲ್ಲಿನ ಪಾಠ ನೆನಪಾಯಿತು. ತಿರುವಿದೆ. ಕೆಳಗೆ ಗದ್ದಲ ಎದ್ದಿತು. "ಹೋತು, ಹೋತು, ಚಿತ್ರ ಹೋತು" ಅನ್ನುವ ಕೂಗು ನನ್ನ ಕಿವಿಗೆ ಲಗ್ನದ ಸನಾದಿಯ ಹಾಗೆ ಕೇಳಿಸಿತು. ಗದ್ದಲ ಕಡಿಮೆಯಾದರೆ ಇನ್ನಷ್ಟು ತಿರುವುತ್ತಿದ್ದೆ. ಸಾಬೂನಿನ ಜಾಹೀರಾತು ಸುರುವಾಗುವ ಹೊತ್ತು ಅಂದಾಜು ಮಾಡಿ ಸರಿ ಮಾಡಿ ಇಳಿಯುತ್ತಿದ್ದೆ. ಮುಂದಿನ ಐತವಾರವೂ ಗಾಳಿ. ಅದರ ಮುಂದಿನ ಐತವಾರವೂ ಗಾಳಿ. ನೋಡಲಾರದ ಕಥೆಯನ್ನು ನಾನೇ ಕೆಳಗಿಳಿದು ಹೇಳುತ್ತಿದ್ದೆ: ಗಂಡ ಹೆಂಡತಿ ಸುಖವಾಗಿದ್ದಾರೆ, ಸೈಕಲ್ ಮಾರಿ ಮೋಟರ್ ಸೈಕಲ್ ತೆಗೆದುಕೊಂಡಿದ್ದಾರೆ.

ಒಂದು ದಿನ ಮೇಲೆ ಆಂಟೆನಾ ಹಿಡಿದು ನಿಂತಾಗ ಕೆಳಗೆ ಅಂಗಳದಲ್ಲಿ ಆಯಿ ಬಂದು ನಿಂತಳು. ಬಣ್ಣ ಹಾಕಿದ ನೂಲು ಗಳದ ಮೇಲೆ ಒಣಗುತ್ತಿತ್ತು. ಆಯಿ ನೂಲು ನೋಡಿದಳು, ನನ್ನನ್ನು ನೋಡಿದಳು.

"ಗಾಳಿ ಎಲ್ಲೈತೋ ತಮ್ಮಾ? ಇಲ್ಲಿ ಒಂದ ಎಳಿ ನೂಲೂ ಅಳ್ಳಾಡವಲ್ದು."

"ಗಾಳಿ ಮ್ಯಾಲಷ್ಟ ಐತ್ರಿ ಆಯಿ."

"ಹೌದೇನು? ಹಂಗಾದರ ಬೀಳದಂಗ ಗಟ್ಟಿಯಾಗಿ ಹಿಡಕೋ. ಲಗ್ನದ ಹುಡುಗ ನೀ."

ಕಂಕಣ

ಲಗ್ನದ ದಿನ ಮುಂಜಾನೆ. ಗುಳೇದಗುಡ್ಡದ ಅದೇ ಮನೆಯ ಮುಂದೆ ಹಂದರ. ಟೀವಿಗೆ ಬಟ್ಟೆ ಮುಚ್ಚಿ ಮೂಲೆಗೆ ಇಟ್ಟಿದ್ದರು. ಅದನ್ನು ನೋಡಿ ನನಗೆ ಎಷ್ಟು ಸಮಾಧಾನವಾಯಿತು ಅಂದರೆ, ಈಗ ದಿಲ್ಲಿಯ ಅಪ್ಪ ಬಂದರೂ ನನ್ನನ್ನು ಹಸಿಮಣೆಯಿಂದ ಇಳಿಸಲಾರ ಅಂದುಕೊಂಡೆ. ಪಕ್ಕದಲ್ಲಿ ಹುಡುಗಿ, ತಲೆ ತಗ್ಗಿಸಿ, ಸೆರಗು ಮುಂದೆ ಎಳೆದುಕೊಂಡು. ಇಷ್ಟು ತಿಂಗಳಲ್ಲಿ ಆಕೆ ನನ್ನ ಜೊತೆ ಒಂದು ಮಾತೂ ಆಡಿರಲಿಲ್ಲ.

ಲಗ್ನ ಮಾಡಿಸುವ ಅಯ್ಯನವರು ಅರಿಷಿಣದ ಕಂಕಣ ತೆಗೆದು ನನ್ನ ಕೈ ಹಿಡಿದರು. ಅಷ್ಟರಲ್ಲಿ ಆಯಿ ಮುಂದೆ ಬಂದಳು.

"ತಡೀರಿ ಅಯ್ಯನವರ. ಇದನ್ನ ನಮ್ಮ ಹಿಂದಿ ಪಂಡಿತ್ರು ಮೊದಲ ನೋಡಿ ಹೇಳ್ಲಿ. ಇದು ಗಂಡಗ ಕಟ್ಟೂ ದಾರನೋ, ಅಣ್ಣಗ ಕಟ್ಟೂ ದಾರನೋ?"

ಮೂಲೆಯಿಂದ ಕೆಮ್ಮು ಕೇಳಿಸಿತು. ಅದು ಕೆಮ್ಮಲ್ಲ, ಮೊದಲಿನಿಂದಲೂ ಕೆಮ್ಮಾಗಿರಲಿಲ್ಲ ಅನ್ನುವುದು ನನಗೆ ಅವತ್ತು ತಿಳಿಯಿತು. ಟೇಲರ್ ಮಾಸ್ತರು ಕಂಬ ಹಿಡಿದು ನಗುತ್ತಿದ್ದರು. ನಗೆಯ ನಡುವೆಯೇ ನನಗೆ ತಿಳಿಸಿದರು. ಆ ಕಡೆಯವರಲ್ಲಿ ಹುಣ್ಣಿಮೆಗೆ ತಂಗಿ ಅಣ್ಣನ ಕೈಗೆ ದಾರ ಕಟ್ಟುತ್ತಾಳಂತೆ. ಸೈಕಲ್ಲಿನವ ಆ ಹುಡುಗಿಯ ಒಡಹುಟ್ಟಿದ ಅಣ್ಣ. ಅಪ್ಪನ ಜೊತೆ ಜಗಳಾಡಿ ಮನೆ ಬಿಟ್ಟು ಹೋಗಿದ್ದ. ನಾನು ವಾರಗಟ್ಟಲೆ ಕೊಡಿರಿ, ಕೊಡಿರಿ ಅಂತ ಜೋರು ಮಾಡಿದ್ದು ಅಣ್ಣನಿಗೇ ತಂಗಿಯನ್ನು.

ನಮ್ಮಪ್ಪ ಹಣೆ ಹಿಡಿದುಕೊಂಡು ಕೂತ. ಲಗ್ನ ಮುರಿಯಿತು ಅಂತ ನಾನು ಹಸಿಮಣೆಯಿಂದ ಅರ್ಧ ಎದ್ದೆ. ಆಯಿ ಹೆಗಲು ಒತ್ತಿ ಕೂಡಿಸಿದಳು.

"ಎಲ್ಲಿ ಹೊಂಟಿ? ಮಾಸ್ತರ ಪ್ರತಿ ಸೋಮವಾರ ಕುಪ್ಪಸ ಕೊಡಾಕ ಬಂದಾಗ ನನಗ ಖರೆ ಕಥಿ ಹೇಳಿ ಹೋಗತಿದ್ದ. ನನ್ನ ಮಗ ಖಣ ಭಾಳ ಛಲೋ ನೇಯ್ತಾನ, ಆದರ ಸಂತ್ಯಾಗ ಕುಂತರ ಬಾಯಿ ಬಿಡೂದಿಲ್ಲ. ಗಿರಾಕಿ ಎದ್ದು ಹೋಗ್ತಾರ. ಕಣ್ಣ ಮುಂದ ಚಿತ್ರ ಒಂದು ಹೇಳತಿರಬೇಕಾದರ ತಾ ಇನ್ನೊಂದು ಹೇಳಿ, ಓಣಿ ಹೆಣಮಕ್ಕಳನ್ನ ಅಳಸಿ, ಗಾಳಿ ಇಲ್ಲದಲ್ಲಿ ಗಾಳಿ ಬೀಸಸಾಂವ ಸಿಕ್ಕ. ಅಂಥಾ ಬಾಯಿ ಬಾಗಲಕ್ವಾಟಿ ಅಂಗಡಿಗೆ ಯಾಕ ಬಿಡಲಿ?"

ಇದು ಹೊಗಳಿಕೆಯೋ ಬೈಗುಳೋ ನನಗೆ ಇವತ್ತಿಗೂ ತಿಳಿದಿಲ್ಲ. ಹೊಗಳಿಕೆ ಅಂತಲೇ ಹಿಡಿದಿದ್ದೇನೆ. ಆದರೆ ಒಂದು ಮಾತು ಅಲ್ಲಿಯೇ ಕೇಳದೆ ಇರಲು ಆಗಲಿಲ್ಲ. ಎಲ್ಲ ಗೊತ್ತಿದ್ದೂ ಟೀವಿಗೆ ಉಡಿ ತುಂಬಿದ್ದು ಯಾಕೆ ಅಂದೆ.

"ಯಾಕ? ಹೆಣ್ಣಮಗಳು ಅಣ್ಣಗ ದಾರ ಕಟ್ಟಾಕ ಬಂದಾಳ. ಅಣ್ಣನ ಮನಿಗೆ ಬಂದ ಹೆಣ್ಣಿಗೆ ಉಡಿ ತುಂಬಬಾರದೇನು?"

ಅಯ್ಯನವರು ನಗುತ್ತಲೇ ಕಂಕಣ ಕಟ್ಟಿದರು. ನಾನು ಆ ದಾರವನ್ನೇ ತಿರುವಿ ತಿರುವಿ ನೋಡಿದೆ. ಆಗ ಸೆರಗಿನೊಳಗಿಂದ, ತಲೆ ಎತ್ತದೆ, ಸಣ್ಣ ಧ್ವನಿಯಲ್ಲಿ ಹುಡುಗಿ ಮೊದಲ ಸಲ ನನ್ನ ಜೊತೆ ಮಾತಾಡಿದಳು.

"ಮಾಸ್ತರ ಕಥಿಯೊಳಗ ಆ ಸೈಕಲ್ಲಿನವಗ ಇನ್ನೂ ಹೆಣ್ಣು ಸಿಕ್ಕಿಲ್ರಿ. ನಿಮ್ಮ ಕಥಿಯೊಳಗ ಸಿಕ್ಕಾಳೇನ್ರಿ?"

ನನ್ನ ಜೀವ ಮರಳಿ ಬಂತು. ಎದೆ ಉಬ್ಬಿಸಿ, ಕಂಕಣ ಕಟ್ಟಿದ ಕೈ ಎತ್ತಿ, ಹಂದರಕ್ಕೆಲ್ಲ ಕೇಳುವ ಹಾಗೆ ಸಿಕ್ಕಳು ಅಂದೆ.

ಹಿಂದಿನಿಂದ ಟೇಲರ್ ಮಾಸ್ತರು ನನ್ನ ಹೆಗಲ ಮೇಲೆ ಕೈ ಇಟ್ಟರು.

"ಜಲ್ದಿ ಮಾಡಬ್ಯಾಡ ತಮ್ಮಾ. ಸೋಮವಾರ ಬರ್ತೇನಿ, ಖರೆ ಏನಂತ ಆಯಿಗೆ ಹೇಳ್ತೇನಿ."